ದಿನಾಂಕ ಕೊಡಲು ಧೈರ್ಯ ಬರುವಂಥ ಲ್ಯಾಪ್‌ಟಾಪ್

ಪಿಎಚ್‌.ಡಿ. ಪ್ರಬಂಧ, ಕವನ ಸಂಕಲನ, ಲಗ್ನಪತ್ರಿಕೆಗಳನ್ನು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಮಂಡ್ಯದ ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಕಚೇರಿ. 2011ರಲ್ಲಿ ಕೊಂಡ ಒಂದೇ ಡೆಸ್ಕ್‌ಟಾಪ್ ಹದಿನಾಲ್ಕು ವರ್ಷ ಈ ಮನೆಯನ್ನು ನಡೆಸಿತು. 2025ರ ಬೇಸಿಗೆಯಲ್ಲಿ ಅದು ಬೆಳಿಗ್ಗೆ ಒಂದೇ ಸಲಕ್ಕೆ ಏಳುವುದನ್ನು ಬಿಟ್ಟಿತು. ನಾಲ್ಕು ಸಲ ಗುಂಡಿ ಒತ್ತಿದರೆ ಏಳುತ್ತಿತ್ತು. ಎದ್ದ ಮೇಲೂ ಕೆಲಸದ ನಡುವೆ ತಾನಾಗಿ ಆರಿ ಮತ್ತೆ ಶುರುವಾಗುತ್ತಿತ್ತು. ಮುನ್ನೂರು ಪುಟದ ಪ್ರಬಂಧವೊಂದನ್ನು ಮುಗಿಸಿಕೊಡಲು ಹನ್ನೆರಡು ದಿನ ಉಳಿದಿತ್ತು.

ರಿಪೇರಿ ಮಾಡುವ ಹುಡುಗ ಪೆಟ್ಟಿಗೆ ಬಿಚ್ಚಿ ಮದರ್‌ಬೋರ್ಡ್ ತೋರಿಸಿದ. ಮೂರು ಕೆಪಾಸಿಟರ್‌ಗಳ ತಲೆ ಉಬ್ಬಿ ಒಂದರಿಂದ ಕಂದು ರಸ ಒಸರಿತ್ತು. ಅವನ್ನು ಕಿತ್ತು ಹೊಸವನ್ನು ಬೆಸೆದು ಅಂದು ಸಂಜೆಯೇ ಯಂತ್ರವನ್ನು ಎಬ್ಬಿಸಿಕೊಟ್ಟ. ಹೊರಡುವಾಗ, ‘ಅಕ್ಕ, ಇದು ಮೂರು ತಿಂಗಳು ನಡೆಯಬಹುದು, ಮೂರು ವರ್ಷವೂ ನಡೆಯಬಹುದು. ಇದನ್ನು ನಂಬಿ ಮಾತ್ರ ಯಾರಿಗೂ ದಿನಾಂಕ ಕೊಡಬೇಡಿ’ ಎಂದ.

ಆ ಮಾತು ನನ್ನಲ್ಲಿ ಉಳಿಯಿತು. ನನ್ನ ಕಸುಬಿನಲ್ಲಿ ನಾನು ಮಾರುವುದೇ ದಿನಾಂಕವನ್ನು. ಪ್ರಬಂಧವನ್ನು ಹಳೆಯ ಯಂತ್ರದಲ್ಲೇ ಮುಗಿಸಿದೆ. ಆ ಮೇಲೆ ಸಿಕ್ಕ ಒಂದು ತಿಂಗಳನ್ನು ಲ್ಯಾಪ್‌ಟಾಪ್ ಹುಡುಕುವುದಕ್ಕೆ ಇಟ್ಟೆ. ಡೆಸ್ಕ್‌ಟಾಪ್‌ನಲ್ಲಿದ್ದ ವಿಂಡೋಸ್ 7ಕ್ಕೆ ಭದ್ರತಾ ಪರಿಷ್ಕರಣೆ 2020ರ ಜನವರಿಯಲ್ಲೇ ನಿಂತಿತ್ತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರ ಗಡುವು ಹತ್ತಿರವಾಗಿತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನನ್ನ ಡೆಸ್ಕ್‌ಟಾಪ್‌ನಲ್ಲಿ ಇರಲಿಲ್ಲ.

ಕೈಯಲ್ಲಿದ್ದದ್ದು 48 ಸಾವಿರ ರೂಪಾಯಿ. ಅಂಗಡಿಗಳಲ್ಲಿ ಮೊದಲು ಹೇಳುವುದು ಪ್ರೊಸೆಸರ್ ಹೆಸರು. ನನ್ನ ಕೆಲಸಕ್ಕೆ ಇತ್ತೀಚಿನ ಯಾವ ಐ3, ಐ5, ರೈಜೆನ್ 5 ಆದರೂ ಸಾಕು ಎಂದು ಅರ್ಥವಾದ ಮೇಲೆ ಅದನ್ನು ಬದಿಗಿಟ್ಟೆ. ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದು ಕೆಟ್ಟರೆ ಮಂಡ್ಯದಲ್ಲಿ ಕುಳಿತ ನಾನು ಎಷ್ಟು ದಿನದಲ್ಲಿ ಮತ್ತೆ ಕೆಲಸಕ್ಕೆ ಕೂರಬಲ್ಲೆ?

ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಮಳಿಗೆಯಲ್ಲಿ ತೆಳ್ಳಗಿನ, ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್ ತೋರಿಸಿದರು. 8 ಜಿಬಿ ರ್‍ಯಾಮ್. ‘ಮುಂದೆ ಹೆಚ್ಚಿಸಬಹುದೇ?’ ಎಂದು ಕೇಳಿದೆ. ‘ಧಾರಾಳವಾಗಿ ಹೆಚ್ಚಿಸಬಹುದು ಮೇಡಂ’ ಎಂದರು. ನಾನು ಅದರ ತಳದ ಚೀಟಿಯಲ್ಲಿದ್ದ ಪೂರ್ತಿ ಮಾದರಿ ಸಂಖ್ಯೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಮನೆಗೆ ಬಂದೆ. ರಾತ್ರಿ ತಯಾರಕರ ಜಾಲತಾಣದಲ್ಲಿ ನೋಡಿದರೆ ರ್‍ಯಾಮ್ ಬೋರ್ಡಿಗೇ ಬೆಸೆದದ್ದು, ಖಾಲಿ ಸ್ಲಾಟ್ ಇಲ್ಲವೇ ಇಲ್ಲ. ಅದು ಕೆಟ್ಟರೆ ಬೋರ್ಡನ್ನೇ ಬದಲಿಸಬೇಕು. ಪೆಟ್ಟಿಗೆಯ ಮೇಲಿನ ದೊಡ್ಡ ಹೆಸರು ನಂಬಲು ಸಾಲದು; ಅದೇ ಹೆಸರಿನ ಸಾಲಿನಲ್ಲಿ ಕೊನೆಯ ಎರಡು ಅಕ್ಷರ ಬದಲಾದರೆ ಒಳಗಿನ ಯಂತ್ರವೇ ಬೇರೆ. ನಾನು ಕೊನೆಗೆ ಕೊಂಡ ಲ್ಯಾಪ್‌ಟಾಪಿನ ಹೆಸರನ್ನು ಇಲ್ಲಿ ಬರೆಯದಿರುವುದೂ ಇದಕ್ಕಾಗಿಯೇ.

ಅಂದಿನಿಂದ ಪ್ರತಿ ಮಾದರಿಗೂ ರಿಪೇರಿ ಕೈಪಿಡಿ ಹುಡುಕಿದೆ. ಲೆನೊವೊ, ಡೆಲ್, ಎಚ್‌ಪಿ ಕಂಪನಿಗಳು ಅನೇಕ ಮಾದರಿಗಳ ಕೈಪಿಡಿಯನ್ನು ಉಚಿತವಾಗಿಯೇ ಇಟ್ಟಿವೆ. ತಳದ ಮುಚ್ಚಳ ಸ್ಕ್ರೂ ಬಿಚ್ಚಿದರೆ ಬರುತ್ತದೆಯೇ, ಬ್ಯಾಟರಿಯನ್ನು ಅಂಟಿಸಿದ್ದಾರೆಯೇ, ಕಡತಗಳು ಕೂರುವ ಎಸ್‌ಎಸ್‌ಡಿಯನ್ನು ತೆಗೆದು ಹಾಕಬಹುದೇ ಎಂಬುದೆಲ್ಲ ಅದರ ಚಿತ್ರಗಳಲ್ಲೇ ಕಾಣುತ್ತದೆ. ಎರಡು ಮಾದರಿಗಳ ಕೈಪಿಡಿಯನ್ನು ನಮ್ಮ ರಿಪೇರಿ ಹುಡುಗನಿಗೂ ತೋರಿಸಿದೆ. ‘ಇದಾದರೆ ನಾನೇ ಬಿಚ್ಚುತ್ತೇನೆ ಅಕ್ಕ’ ಎಂದು ಒಂದರ ಮೇಲೆ ಬೆರಳಿಟ್ಟ. ಆಯ್ಕೆ ಅಲ್ಲಿಗೆ ಮುಕ್ಕಾಲು ಮುಗಿಯಿತು.

ಉಳಿದದ್ದು ಕೀಲಿಮಣೆ ಮತ್ತು ಪರದೆ. ನಾನು ಬಳಸುವುದು ಕೆ.ಪಿ. ರಾವ್ ವಿನ್ಯಾಸ, ಅಂದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇರುವುದು. ಅದರಲ್ಲಿ ಒತ್ತಕ್ಷರ ಬೇಕಾದಾಗಲೆಲ್ಲ ‘ಎಫ್’ ಕೀಲಿ ಒತ್ತಬೇಕು. ನನ್ನ ಹಳೆಯ ಕೀಲಿಮಣೆಯಲ್ಲಿ ಆ ಒಂದು ಕೀಲಿಯ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ. ಹಾಗಾಗಿ ಮಳಿಗೆಯಲ್ಲಿ ನಿಂತು ನೋಟ್‌ಪ್ಯಾಡ್ ತೆರೆದು ಒಂದೊಂದು ಲ್ಯಾಪ್‌ಟಾಪ್‌ನಲ್ಲೂ ಪೂರ್ತಿ ಒಂದು ಪುಟ ಟೈಪ್ ಮಾಡಿದೆ. ಎರಡು ಸಾಲಿಗೆ ತಿಳಿಯದ್ದು ಒಂದು ಪುಟಕ್ಕೆ ತಿಳಿಯುತ್ತದೆ. ಒಂದರಲ್ಲಿ ಮಣೆಯ ನಡುಭಾಗ ಬೆರಳಿನ ಕೆಳಗೆ ಬಳುಕುತ್ತಿತ್ತು. 15.6 ಅಂಗುಲದ ಇನ್ನೊಂದರಲ್ಲಿ ಬಲಗಡೆಯ ಅಂಕಿ ಕೀಲಿಗಳಿಂದಾಗಿ ಅಕ್ಷರದ ಭಾಗ ಎಡಕ್ಕೆ ಸರಿದು, ನಾನು ಓರೆಯಾಗಿ ಕೂರಬೇಕಾಗುತ್ತಿತ್ತು. ದಿನಕ್ಕೆ ಎಂಟು ಗಂಟೆ ಹಾಗೆ ಕುಳಿತರೆ ಹೆಗಲಿನ ಗತಿ ಏನು? 14 ಅಂಗುಲದ್ದನ್ನೇ ಹಿಡಿದೆ.

ಪರದೆಗೆ ನನ್ನದೇ ಪರೀಕ್ಷೆ ಇತ್ತು. ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಆಗಿ ಒಯ್ದಿದ್ದ ಪ್ರಬಂಧದ ಪುಟವನ್ನು ತೆರೆದು, ‘ದ’ಕ್ಕೂ ‘ಧ’ಕ್ಕೂ ನಡುವಿನ ಆ ಸಣ್ಣ ಸೀಳು ಕಣ್ಣು ಕಿರಿದು ಮಾಡದೆ ಕಾಣುತ್ತದೆಯೇ ಎಂದು ನೋಡಿದೆ. 1366 × 768ರ ಅಗ್ಗದ ಪರದೆಯಲ್ಲಿ ಅದು ಮಸುಕಾಯಿತು. 1920 × 1080ರ ಐಪಿಎಸ್ ಪರದೆಯಲ್ಲಿ ಬದಿಯಿಂದ ನೋಡಿದರೂ ಸ್ಪಷ್ಟವಾಗಿತ್ತು. ಕರಡು ತಿದ್ದುವವರಿಗೆ ಇದು ಸಣ್ಣ ವಿಷಯವಲ್ಲ.

ನವೀಕರಿಸಿದ ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ಒಂದನ್ನೂ ನೋಡಿದೆ. ಅದರ ಕೀಲಿಮಣೆ ಎಲ್ಲಕ್ಕಿಂತ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ವಿಂಡೋಸ್‌ನ ಬ್ಯಾಟರಿ ವರದಿ ತೆಗೆಸಿದಾಗ ಮೂಲ ಸಾಮರ್ಥ್ಯದ ಅರ್ಧವೂ ಉಳಿದಿರಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಬ್ಯಾಟರಿಯೇ ನನ್ನ ಯುಪಿಎಸ್ ಆಗಬೇಕಿತ್ತು. ಬಿಟ್ಟುಬಂದೆ.

ಕೊನೆಗೆ 46 ಸಾವಿರಕ್ಕೆ 12ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, ಒಂದು ಖಾಲಿ ಸ್ಲಾಟ್, 512 ಜಿಬಿ ಎಸ್‌ಎಸ್‌ಡಿ ಇರುವುದನ್ನು ಕೊಂಡೆ. ಹಣ ಕಟ್ಟುವ ಮೊದಲು ತಯಾರಕರ ಸಹಾಯವಾಣಿಗೆ ಕರೆ ಮಾಡಿ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ 571401 ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಕೇಳಿ ಖಚಿತ ಮಾಡಿಕೊಂಡೆ. ಇಲ್ಲವಾದರೆ ಪ್ರತಿ ಸಲವೂ 45 ಕಿಲೊಮೀಟರ್ ದೂರದ ಮೈಸೂರಿಗೆ ಹೊತ್ತೊಯ್ಯಬೇಕಾಗುತ್ತಿತ್ತು. ಎರಡು ತಿಂಗಳ ಮೇಲೆ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿದೆ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಇರುವುದರಿಂದ ಬ್ಯಾಟರಿ ಶೇ 80ಕ್ಕೆ ನಿಲ್ಲುವಂತೆ ಹೊಂದಿಸಿದ್ದೇನೆ. ಅದರಿಂದ ಬ್ಯಾಟರಿಯ ಬಾಳಿಕೆ ಹೆಚ್ಚುತ್ತದೆ.

ಕಡತ ಸಾಗಿಸುವಾಗ ತಿಳಿದ ಒಂದು ಮಾತು. ಡೆಸ್ಕ್‌ಟಾಪಿನ 3.5 ಅಂಗುಲದ ಹಾರ್ಡ್ ಡಿಸ್ಕಿಗೆ ಯುಎಸ್‌ಬಿ ಕೊಡುವ ವಿದ್ಯುತ್ ಸಾಲದು. 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಹಳೆಯ ನುಡಿ ಅಕ್ಷರಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ, ತಪ್ಪಾಗಿರಬಹುದೆಂದು ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಿದೆ.

ಡೆಸ್ಕ್‌ಟಾಪನ್ನು ಗುಜರಿಗೆ ಹಾಕಿಲ್ಲ. ಇಂಟರ್‌ನೆಟ್ ತಂತಿ ತೆಗೆದು ಮೂಲೆಯಲ್ಲಿ ಇಟ್ಟಿದ್ದೇನೆ. ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ಮಾಡಿದ ಪುಸ್ತಕಗಳು ಅದರಲ್ಲಿವೆ. ಭಾನುವಾರ ಮಧ್ಯಾಹ್ನ ಅದನ್ನು ಎಬ್ಬಿಸಿ, ಎರಡೋ ಮೂರೋ ಕಡತಗಳನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಲ್ಯಾಪ್‌ಟಾಪಿಗೆ ದಾಟಿಸುತ್ತೇನೆ. 2016ರವರೆಗಿನವು ಆಗಿವೆ.