ಹೆರಿಗೆ ನಂತರದ ರಕ್ತಸ್ರಾವ: ಕಣ್ಣಂದಾಜು ಬಿಡಿ, ಅಳೆಯಿರಿ

ಕಣ್ಣಂದಾಜು ಹೆಚ್ಚಾಗಿ ಕಡಿಮೆಯೇ ತೋರಿಸುತ್ತದೆ. ಬಟ್ಟೆ ಹೀರಿದ್ದು ಲೆಕ್ಕಕ್ಕೇ ಬರುವುದಿಲ್ಲ. ಮಗು ಹುಟ್ಟಿ, ಗರ್ಭಜಲ ಹರಿದ ಮೇಲೆ ಬಾಣಂತಿಯ ಕೆಳಗೆ ಅಳತೆಗೆರೆಯ ಪ್ಲಾಸ್ಟಿಕ್ ಡ್ರೇಪ್ (ರಕ್ತ ಸಂಗ್ರಹಿಸುವ ಹಾಳೆ) ಹಾಸಿ. ಗರ್ಭಜಲ ಸೇರಿದರೆ ಅಳತೆಯೇ ಸುಳ್ಳು.

ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ರಕ್ತದ ಮಟ್ಟ, ಗರ್ಭಕೋಶದ ಬಿಗಿತ, ನಾಡಿ, ಬಿಪಿ ಬರೆಯಿರಿ. 500 ಮಿ.ಲೀ. ಮುಟ್ಟಿದರೆ, ಅಥವಾ 300 ದಾಟಿ ಬೇರೇನಾದರೂ ಏರುಪೇರಾಗಿದ್ದರೆ, ಗರ್ಭಕೋಶದ ಮಸಾಜ್, ಗರ್ಭಕೋಶ ಬಿಗಿಗೊಳಿಸುವ ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ (ರಕ್ತನಾಳಕ್ಕೆ, 10 ನಿಮಿಷದಲ್ಲಿ), ಸಲೈನ್, ಹೆರಿಗೆ ದಾರಿಯ ಗಾಯದ ತಪಾಸಣೆ ಎಲ್ಲ ಒಟ್ಟಿಗೇ ಆಗಬೇಕು. ಒಂದು ಕೊಟ್ಟು ಕಾಯುವುದರಲ್ಲೇ ಹೊತ್ತು ಹೋಗುತ್ತದೆ. 2023ರ ಇ-ಮೋಟಿವ್ ಅಧ್ಯಯನದಲ್ಲಿ, ಆಫ್ರಿಕಾದ ನಾಲ್ಕು ದೇಶಗಳಲ್ಲಿ, ಈ ಕ್ರಮ ಗಂಭೀರ ತೊಂದರೆಯನ್ನು ಶೇ 60ರಷ್ಟು ತಗ್ಗಿಸಿತು.

ಕುಂದಗೋಳ, ನವಲಗುಂದದಿಂದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಕಳಿಸುವುದಿದ್ದರೂ 108 ಬರುವ ಮೊದಲೇ ಶುರು ಮಾಡಿ. ಕೊಟ್ಟ ಡೋಸ್, ಹೊತ್ತು ರೆಫರಲ್ ಚೀಟಿಯಲ್ಲಿರಲಿ.