ಹಸುವಿನ ಹಾಲಿನ ಬಾಣ ಅಳಿಸಲು ನಾಲ್ಕು ವರ್ಷ

ಮಕ್ಕಳ ಟೈಪ್ 1 ಸಕ್ಕರೆ ಕಾಯಿಲೆಯ ಡೇಟಾಗೆ ಬೇಯೇಸಿಯನ್ ನೆಟ್‌ವರ್ಕ್ (ಯಾವುದು ಯಾವುದಕ್ಕೆ ಕಾರಣವಿರಬಹುದು ಅಂತ ಬಾಣಗಳಲ್ಲಿ ತೋರಿಸುವ ಚಿತ್ರ) ಹಾಕುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. “140 ಮಕ್ಕಳು ಎಲ್ಲಿ ಸಾಲುತ್ತಾರೆ? ಸುಮ್ನೆ ಲಾಜಿಸ್ಟಿಕ್ ರಿಗ್ರೆಷನ್ ಮಾಡಿ ಮುಗಿಸಿ” ಎಂದರು. ಈಗ ಅವರಲ್ಲೇ ಇಬ್ಬರು ನನ್ನ ಚಿತ್ರವನ್ನು ತಮ್ಮ ಪಾಠದಲ್ಲಿ ತೋರಿಸುತ್ತಾರೆ.

ಮೊದಲ ಸಲ ಆರ್ ಎಂಬ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ, ಇಂಥ ಚಿತ್ರ ಕಟ್ಟುವ ಬಿಎನ್‌ಲರ್ನ್ ತೆರೆದು, ಇಪ್ಪತ್ತು ಚಿಲ್ಲರೆ ಕಾಲಂಗಳನ್ನು ಒಟ್ಟಿಗೆ ಪಿಸಿ ಅಲ್ಗಾರಿದಮ್‌ಗೆ (ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆಸಿ ಬಾಣ ಹುಡುಕುವ ವಿಧಾನ) ಕೊಟ್ಟೆ. ಮಗುವಿನ ಕಾಯಿಲೆಯಿಂದ ತಾಯಿಯ ವಯಸ್ಸಿಗೆ ಬಾಣ ಬಂತು! ಹುಟ್ಟುವ ಮೊದಲಿನದು, ಹೆರಿಗೆಯದು, ಮೊದಲ ವರ್ಷದ್ದು, ಆಮೇಲೆ ಕಾಯಿಲೆ ಅಂತ ಮೆಟ್ಟಿಲು ಮಾಡಿ, ಹಿಂದಕ್ಕೆ ಹೋಗುವ ಬಾಣಗಳನ್ನೆಲ್ಲ ಬ್ಲ್ಯಾಕ್‌ಲಿಸ್ಟ್‌ಗೆ, ಅಂದರೆ ಬರಲೇಬಾರದ ಬಾಣಗಳ ಪಟ್ಟಿಗೆ ಹಾಕಿದೆ. ಇದು ಈ ಕೆಲಸದಲ್ಲಿರುವವರೆಲ್ಲ ಮಾಡುವುದೇ. ನಮ್ಮಷ್ಟು ಚಿಕ್ಕ ಡೇಟಾದಲ್ಲಿ ಪಿಸಿ ಪರೀಕ್ಷೆಗಳು ನಿಲ್ಲುವುದಿಲ್ಲ, ಟೇಬಲ್‌ನ ಮನೆಗಳು ಖಾಲಿ ಬೀಳುತ್ತವೆ. ಹಾಗಾಗಿ ಹಿಲ್ ಕ್ಲೈಂಬಿಂಗ್ (ಒಂದೊಂದೇ ಬಾಣ ಬದಲಿಸುತ್ತ ಅಂಕ ಏರಿಸುವುದು), ಬಿಐಸಿ ಸ್ಕೋರ್ (ಬಾಣ ಹೆಚ್ಚಾದಷ್ಟೂ ದಂಡ ಹಾಕುವ ಅಂಕ), 500 ಬೂಟ್‌ಸ್ಟ್ರಾಪ್ (ಅದೇ ಡೇಟಾದಿಂದ ಮತ್ತೆ ಮತ್ತೆ ಎತ್ತಿದ ಮಾದರಿಗಳು). ವರ್ಗಗಳನ್ನು ಎಲ್ಲಿ ಕತ್ತರಿಸಿ ಎಲ್ಲಿ ಸೇರಿಸಿದೆ ಎನ್ನುವುದರಲ್ಲೇ ಅರ್ಧ ಗೆಲುವಿದೆ. ಪೇಪರ್ ಬರುವವರೆಗೆ ಅದನ್ನು ಹೇಳಲಾರೆ.

ದುಡ್ಡು ಹೋದದ್ದು ಗ್ಯಾಡ್ ಆ್ಯಂಟಿಬಾಡಿ ರಕ್ತ ಪರೀಕ್ಷೆಯಲ್ಲಿ; ದೇಹ ತನ್ನದೇ ಇನ್ಸುಲಿನ್ ಕೋಶಗಳ ಮೇಲೆ ಬಿದ್ದಿರುವುದಕ್ಕೆ ಅದು ಗುರುತು. ಐವತ್ತು ಮಕ್ಕಳಿಗೆ ಮಾಡಿಸಿದೆ, ತಲೆಗೆ ಎರಡು ಸಾವಿರದ ಮೇಲೆ. ಲಕ್ಷ ದಾಟಿತು. ಕಾಯಿಲೆ ಇದ್ದವರಿಗೆ ಮಾತ್ರ ಮಾಡಿಸಿದ್ದೆ, ಕಂಟ್ರೋಲ್ (ಹೋಲಿಕೆಗೆ ತೆಗೆದುಕೊಂಡ, ಈ ಕಾಯಿಲೆ ಇಲ್ಲದ) ಮಕ್ಕಳ ಕಾಲಂ ಪೂರ್ತಿ ಖಾಲಿ. ಅದಕ್ಕಿಂತ ದೊಡ್ಡ ತಪ್ಪು ಎಂದರೆ, ಆ್ಯಂಟಿಬಾಡಿ ಇರುವುದು ಕಾರಣಕ್ಕೂ ಕಾಯಿಲೆಗೂ ನಡುವಿನ ದಾರಿಯಲ್ಲಿ. ಲೆಕ್ಕದಲ್ಲಿ ಅದನ್ನು ಬದಲಾಗದಂತೆ ಹಿಡಿದಿಟ್ಟರೆ ಹಿಂದಿನ ಕಾರಣಗಳೆಲ್ಲ ಮುಚ್ಚಿಹೋಗುತ್ತವೆ. ಖರ್ಚು ಮಾಡುವ ಮೊದಲು ಕಾಗದದ ಮೇಲೆ ಚಿತ್ರ ಬರೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಿಜವಾಗಿ ಕಾಡಿದ್ದು ಹಸುವಿನ ಹಾಲು. ಆರು ತಿಂಗಳೊಳಗೆ ಹಸುವಿನ ಹಾಲು ಕುಡಿಸಿದ್ದಕ್ಕೂ ಕಾಯಿಲೆಗೂ ನಡುವಿನ ಬಾಣ ನೂರಕ್ಕೆ ಎಂಬತ್ತು ಬೂಟ್‌ಸ್ಟ್ರಾಪ್‌ಗಳಲ್ಲಿ ಬರುತ್ತಿತ್ತು. ಎಲ್ಲರೂ ಖುಷಿಯಾದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಮ್ಮ ಟೈಪ್ 1 ಮಕ್ಕಳು ಹಾಸನ, ಚಿಕ್ಕಮಗಳೂರು, ತುಮಕೂರಿನ ಹಳ್ಳಿಗಳಿಂದಲೂ ಬರುತ್ತಾರೆ. ಕಂಟ್ರೋಲ್‌ಗಳು ಅದೇ ಆಸ್ಪತ್ರೆಯ ಒಪಿಡಿಗೆ ಕೆಮ್ಮು, ಜ್ವರ ಅಂತ ಬಂದ ಪೇಟೆ ಮಕ್ಕಳು. ಹಳ್ಳಿ ಮನೆಯಲ್ಲಿ ಹಸು ಇರುತ್ತದೆ, ಹಾಲು ಬೇಗ ಶುರುವಾಗುತ್ತದೆ. ಅಷ್ಟು ದೂರದಿಂದ ಬರುವುದು ದೊಡ್ಡ ಕಾಯಿಲೆ ಇದ್ದವರು ಮಾತ್ರ, ಅಲ್ವಾ?

ಅದಕ್ಕೆ ಚಿತ್ರದಲ್ಲಿ ‘ಆಸ್ಪತ್ರೆಗೆ ಬಂದರು’ ಅಂತಲೇ ಒಂದು ನೋಡ್ (ಬಾಣಗಳು ಸೇರುವ ಬಿಂದು) ಬರೆದೆ. ಮನೆಯ ದೂರದಿಂದ ಅದಕ್ಕೊಂದು ಬಾಣ, ಕಾಯಿಲೆಯಿಂದ ಇನ್ನೊಂದು. ಒಪಿಡಿ ಚೀಟಿಯಲ್ಲಿದ್ದ ಊರಿನ ಹೆಸರು ನೋಡಿ ಕಿಲೋಮೀಟರ್ ತುಂಬಿದೆ, ಎರಡು ತಿಂಗಳು ಸಂಜೆಯೆಲ್ಲ ಅದೇ ಕೆಲಸ. ದೂರ ಸೇರಿಸಿದ ಕೂಡಲೇ ಹಾಲಿನ ಬಾಣ ಇಪ್ಪತ್ತರ ಆಸುಪಾಸಿಗೆ ಇಳಿಯಿತು.

ಯಾರೂ ಒಪ್ಪಲಿಲ್ಲ. ಸರಿ, ಕೈಯಿಂದ ನಲವತ್ತು ಸಾವಿರ ಹಾಕಿ ಬಾಡಿಗೆ ಜೀಪಿನಲ್ಲಿ ಹಳ್ಳಿ ಸುತ್ತಿದೆ. ಕಾಯಿಲೆ ಇರುವ ಮಗುವಿನ ಊರಿನಲ್ಲೇ, ಅದೇ ವಯಸ್ಸಿನ ಅರವತ್ತು ಮಕ್ಕಳನ್ನು ಆಶಾ ಕಾರ್ಯಕರ್ತೆಯರು ಹುಡುಕಿಕೊಟ್ಟರು. ಹುಟ್ಟಿದಾಗಿನ ತೂಕವನ್ನು ತಾಯಿ ಕಾರ್ಡ್‌ನಿಂದಲೇ ಬರೆದುಕೊಂಡೆ, ಬಾಯಿಮಾತು ತೆಗೆದುಕೊಳ್ಳಲಿಲ್ಲ. ಆ ಕಂಟ್ರೋಲ್‌ಗಳ ಜೊತೆ ಹೋಲಿಸಿದಾಗಲೂ ಹಾಲಿನ ಬಾಣ ಉಳಿಯಲಿಲ್ಲ. 15 ದೇಶಗಳ 2,159 ಶಿಶುಗಳ ಮೇಲೆ ನಡೆದ ಟ್ರಿಗರ್ ಪ್ರಯೋಗದಲ್ಲೂ, ಹಸುವಿನ ಹಾಲಿನ ಪ್ರೋಟೀನ್ ಒಡೆದು ಮಾಡಿದ ಫಾರ್ಮುಲಾದಿಂದ ಕಾಯಿಲೆ ಕಡಿಮೆಯಾಗಲಿಲ್ಲ ಅಂತ 2018ರಲ್ಲಿ ಬಂದಿತ್ತು. ನಮ್ಮ ಚಿಕ್ಕ ಡೇಟಾ ಅದೇ ದಿಕ್ಕಿಗೆ ಹೋಯಿತು ಎನ್ನುವುದು ನನಗೆ ಹೆಮ್ಮೆ. ಗಟ್ಟಿಯಾಗಿ ಉಳಿದದ್ದು ಮನೆಯಲ್ಲಿ ಬೇರೆಯವರಿಗೆ ಟೈಪ್ 1 ಇರುವುದೊಂದೇ.

ಮಧ್ಯೆ ರಾಗಿ ಸರಿ ಯಾವ ತಿಂಗಳು ಶುರುಮಾಡಿದರು ಅಂತಲೂ ಕೇಳಿದ್ದೆ. ಏನೂ ಸಿಗಲಿಲ್ಲ. ಮೊದಲ ವರ್ಷದ ಜ್ವರದ ನೋಡ್ ನಾನೇ ತೆಗೆದೆ. ಕಾಯಿಲೆಯ ಮಗುವಿನ ತಾಯಿ ಒಂದೊಂದು ಜ್ವರವನ್ನೂ ನೆನಪಿಟ್ಟಿರುತ್ತಾಳೆ, ಪಕ್ಕದ ಮನೆಯ ತಾಯಿ ಮರೆತಿರುತ್ತಾಳೆ.

ಹಳ್ಳಿ ಸುತ್ತುವಾಗ ಎರಡು ಕಡೆ ಒಂದೇ ಮಾತು ಕೇಳಿದೆ: ಮಗುವಿಗೆ ತುಂಬಾ ಬಾಯಾರಿಕೆ, ಪದೇ ಪದೇ ಮೂತ್ರ, ಆಮೇಲೆ ವಾಂತಿ, ಜೋರು ಉಸಿರು, ಎರಡೇ ದಿನದಲ್ಲಿ ಹೋಯಿತು. ಯಾರೂ ಸಕ್ಕರೆ ನೋಡಿರಲಿಲ್ಲ. ಆ ಮಕ್ಕಳು ನನ್ನ ‘ಆಸ್ಪತ್ರೆಗೆ ಬಂದರು’ ನೋಡ್‌ನ ಆಚೆ ಇದ್ದಾರೆ. ಯಾವ ಬೂಟ್‌ಸ್ಟ್ರಾಪ್‌ನಲ್ಲೂ ಅವರು ಬರುವುದಿಲ್ಲ. ಈಗ ಎರಡು ತಾಲ್ಲೂಕಿನ ಆಶಾ ಕಾರ್ಯಕರ್ತೆಯರ ಜೊತೆ ಕೂತು ಅಂಥ ಸಾವುಗಳನ್ನು ಬರೆದುಕೊಳ್ಳುತ್ತಿದ್ದೇನೆ.