ಟ್ರೊಮ್ಸೋ ಇಂದ ಲಾಂಗ್‌ಇಯರ್‌ಬೀನ್: ಎಷ್ಟು ಕಿ.ಮೀ, ಎಷ್ಟೊತ್ತು ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ

ಮೊದ್ಲು ಮ್ಯಾಪ್ ನೋಡಿ ಗಾಬರಿ ಆಗ್ಬೇಡಿ, ಗೋಡೆಗೆ ಹಾಕೋ ಮ್ಯಾಪ್‌ನಲ್ಲಿ ಉತ್ತರಕ್ಕೆ ಹೋದಂಗೆಲ್ಲಾ ಜಾಗ ರಬ್ಬರ್ ಥರ ಎಳ್ಕೊಂಡು ಕಾಣತ್ತೆ, ಅದಕ್ಕೆ ಸ್ಕೇಲ್ ಇಟ್ಟು ಅಳೆದ್ರೆ ಕೆಟ್ರಿ.

ಎರಡೂ ಊರು ನಾರ್ವೆದೇ. ಟ್ರೊಮ್ಸೋ ಏರ್‌ಪೋರ್ಟ್ 69.68 ಡಿಗ್ರಿ ಉತ್ತರ, ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿರೋ ಲಾಂಗ್‌ಇಯರ್‌ಬೀನ್ 78.25. ಕಳೆದ್ರೆ 8.57, ಒಂದು ಡಿಗ್ರಿಗೆ 111 ಕಿ.ಮೀ ಅಂತ ಗುಣಿಸಿದ್ರೆ 951 ಬಂತು. ಪೂರ್ವ-ಪಶ್ಚಿಮ ವ್ಯತ್ಯಾಸ ಮೂರೂವರೆ ಡಿಗ್ರಿ ಇದೆ, ಆದ್ರೆ ಅಲ್ಲಿ ಒಂದು ರೇಖಾಂಶ ಡಿಗ್ರಿ ಅಂದ್ರೆ ಬರೀ 23 ಕಿ.ಮೀ ಅಷ್ಟೇ (ನಮ್ಮ ಬೆಂಗಳೂರಲ್ಲಿ 108!), ಹಂಗಾಗಿ ಅದು ಸೇರಿದ್ರೂ ಸುಮಾರು 960.

ಜೆಟ್‌ಗೆ ಗಂಟೆಗೆ 800 ಹಿಡೀರಿ, 72 ನಿಮಿಷ. ಏರೋದು ಇಳಿಯೋದು, ರನ್‌ವೇ ಓಡಾಟ ಎಲ್ಲಾ ಸೇರ್ಸಿ ಇನ್ನೊಂದು 25-30. ಒಟ್ಟು ಒಂದು ಗಂಟೆ ನಲವತ್ತು ನಿಮಿಷ ಅನ್ಕೊಳ್ಳಿ. ಟೈಮ್ ಝೋನ್ ಒಂದೇ, ವಾಚ್ ಮುಟ್ಬೇಡಿ.

ಆದ್ರೆ ಸ್ವಾಲ್‌ಬಾರ್ಡ್ ಷೆಂಗನ್‌ಗೆ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪು, ನಾರ್ವೆ ಇದರಲ್ಲಿದೆ) ಸೇರಿಲ್ಲ, ಪಾಸ್‌ಪೋರ್ಟ್ ಚೆಕಿಂಗ್‌ಗೆ ಟೈಮ್ ಇಟ್ಕೊಳ್ಳಿ, ನಮ್ಮೋರಾದ್ರೆ ವೀಸಾ ಡಬಲ್ ಎಂಟ್ರಿದೇ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಬರೋವಾಗ ಫಜೀತಿ.